ಚಿಲಕದ ಮೇಲಿನ ಕೈ

ಸಿನಿಮಾ ಮುಗಿಯಲು ಇನ್ನೂ ಎರಡು ನಿಮಿಷವಿರುವಾಗಲೇ ಎದ್ದು, ಹಿಂದಿನವರ ಕಣ್ಣಿಗೂ ಪರದೆಗೂ ನಡುವೆ ತಮ್ಮ ಸ್ಥೂಲ ಶರೀರವನ್ನು ಸ್ಥಾಪಿಸಿ, ಸಾವಕಾಶವಾಗಿ ಧೋತರ ಸರಿಪಡಿಸಿಕೊಳ್ಳುವ ಮಹನೀಯರನ್ನು ನೀವೂ ಕಂಡಿರುತ್ತೀರಿ. ರಾಯಚೂರಿನ ಯಾವ ಟಾಕೀಸಿಗೆ ಹೋದರೂ ಅವರು ನನ್ನ ಮುಂದಿನ ಸಾಲಿನಲ್ಲಿಯೇ ಅವತರಿಸಿರುತ್ತಾರೆ. ಹೋದ ವಾರ ಅಂಥವರೊಬ್ಬರನ್ನು ತಡೆದು, "ಯಜಮಾನರ, ಕಡೀಗೆ ಏನಾಗ್ತದ ನೋಡಂಗಿಲ್ಲೇನ್ರಿ?" ಎಂದೆ. "ಏನಾಗ್ತದ ತಮ್ಮಾ, ಎಲ್ಲಾರೂ ಕೂಡಿ ಸಾಲಾಗಿ ನಿಂದರತಾರ, ಮುಗೀತದ" ಎನ್ನುತ್ತ ಹೊರಟೇಹೋದರು. ಕಾನೂನು ಓದುತ್ತಿರುವ, ದೇವರಿಂದ ಹಿಡಿದು ದೋಸೆಯವರೆಗೆ ಯಾವುದನ್ನೂ ಪುರಾವೆಯಿಲ್ಲದೆ ಒಪ್ಪದ ನನಗೆ ಅವರನ್ನು ಖಂಡಿಸುವುದು ಎಡಗೈ ಕೆಲಸವಾಗಿತ್ತು. ಆದರೆ, ಒಂದು ಇಡೀ ತರಗತಿಯಿಂದ ಸಿನಿಮಾದ ಕೊನೆಯನ್ನು ಕಿತ್ತುಕೊಂಡ ಆಸಾಮಿ ನಾನೇ ಆಗಿರುವಾಗ, ಬೇರೆಯವರಿಗೆ ಏನೆಂದು ಬುದ್ಧಿ ಹೇಳಲಿ?

ಐದಾರು ವರ್ಷಗಳ ಹಿಂದಿನ, ಎಪ್ಪತ್ತರ ದಶಕದ ಕೊನೆಯ ಮಾತು. ದೇವದುರ್ಗದ ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಆಚಾರ್ ಸರ್ ಮಾನ್ವಿಯ ಆಚಾರವಂತರ ಮನೆಯವರು. ಹಳೆಯ ಪದ್ಯವನ್ನು ಪಾಠ ಮಾಡುವಂತೆ ಹಳೆಯ ಸಿನಿಮಾವನ್ನೂ ಸಾಲುಸಾಲಾಗಿ ಪಾಠ ಮಾಡಬೇಕೆಂಬುದು ಅವರ ಹುಚ್ಚು. ಎಲ್ಲಿಂದಲೋ ಒಂದು ಪ್ರೊಜೆಕ್ಟರನ್ನು ಎರವಲು ತಂದಿದ್ದರು. ರಾಯಚೂರಿನ ಅವರ ಗೆಳೆಯರೊಬ್ಬರು ಶನಿವಾರಕ್ಕೊಂದರಂತೆ ರೀಲನ್ನು ತಗಡಿನ ಡಬ್ಬಿಯಲ್ಲಿಟ್ಟು ಬಸ್ಸಿಗೆ ಹಾಕುತ್ತಿದ್ದರು. ಅದು ಮರಳಿದ ಮೇಲೆಯೇ ಮುಂದಿನದು. ಹೀಗಾಗಿ ನಾಲ್ಕು ರೀಲಿನ ಸಿನಿಮಾ ನಮಗೆ ಒಂದು ತಿಂಗಳ ಪಠ್ಯ. ನಮ್ಮ ಕೋಣೆಯ ಕಿಟಕಿಗಳಿಗೆ ಕದಗಳಿರಲಿಲ್ಲವಾದ್ದರಿಂದ, ಕುರಿ ಕಾಯುವ ಮನೆತನದ ಬೀರಪ್ಪ ಮನೆಯ ಕಂಬಳಿಗಳನ್ನೆಲ್ಲ ಹೊತ್ತು ತಂದು ಮೊಳೆಗೆ ತೂಗುಹಾಕುತ್ತಿದ್ದ. ಶ್ರೇಷ್ಠ ಚಲನಚಿತ್ರವೆಂದರೆ ನನಗೆ ಇಂದಿಗೂ ಮೂಗಿಗೆ ಬಡಿಯುವುದು ಕುರಿಯುಣ್ಣೆಯ ವಾಸನೆ.

ಸರ್ ಅವರ ಪದ್ಧತಿಯೂ ವಿಚಿತ್ರ. ರೀಲು ಮುಗಿದೊಡನೆ ಕಂಬಳಿ ಸರಿಸಿ, ಒಬ್ಬೊಬ್ಬರನ್ನೇ ಎಬ್ಬಿಸಿ, ಕಂಡದ್ದನ್ನು ಹೇಳಿಸುತ್ತಿದ್ದರು. ತಾಲೂಕಿನ ಚರ್ಚಾಸ್ಪರ್ಧೆಗಳನ್ನು ಗೆದ್ದು ಬೀಗುತ್ತಿದ್ದ ನಾನು "ಈ ಚಿತ್ರದ ಆಶಯವೇನೆಂದರೆ..." ಎಂದು ಗಂಟಲು ಸರಿಪಡಿಸುವಷ್ಟರಲ್ಲೇ, "ಆಶಯ ಇರಲಿ ಮಾರಾಯ, ಕಣ್ಣಿಗೆ ಏನ್ ಕಂಡ್ತು ಅದನ್ನ ಹೇಳು" ಎಂದು ಕೂರಿಸುತ್ತಿದ್ದರು. ಬೀರಪ್ಪ ಎದ್ದರೆ ಮಾತ್ರ ಅವರ ಮುಖ ಅರಳುತ್ತಿತ್ತು. "ಮುದುಕಿ ಎರಡು ಗಂಗಾಳ ಇಟ್ಲು ರೀ ಸರ್. ಉಣ್ಣಾಕ ಮನ್ಯಾಗ ಒಬ್ಬಾಕಿನೇ ಅದಾಳ." ನಾನೂ ಗೋಡೆಯ ಮೇಲಿನ ಅದೇ ಚಿತ್ರವನ್ನು ನೋಡುತ್ತಿದ್ದೆನಲ್ಲ, ಎರಡನೆಯ ಗಂಗಾಳ ನನಗೇಕೆ ಕಾಣಲಿಲ್ಲ?

ಅದು ಯಾವುದೋ ಶೀತದೇಶದ ಮೂಕಿ ಚಿತ್ರ. ಮನೆಯ ಮಾನ ಕಳೆದು ಓಡಿಹೋಗಿದ್ದ ಮಗ ವರ್ಷಗಳ ನಂತರ ಬಂದು, ಹಿಮ ಸುರಿಯುವ ಅಂಗಳದಲ್ಲಿ ನಿಂತು ಬಾಗಿಲು ತಟ್ಟುತ್ತಾನೆ. ಒಳಗೆ ಆ ಮುದುಕಿ, ಅವನ ತಾಯಿ, ಎದ್ದು ಬಂದು ಚಿಲಕದ ಮೇಲೆ ಕೈ ಇಡುತ್ತಾಳೆ. ಅಲ್ಲಿಗೆ ಮೂರನೆಯ ರೀಲು ಮುಗಿಯಿತು. ಆಕೆ ತೆರೆಯುತ್ತಾಳೋ, ಇಲ್ಲ ಇನ್ನೊಂದು ಅಗಳಿ ಜಡಿಯುತ್ತಾಳೋ ಎಂಬ ಚಿಂತೆಯಲ್ಲಿ ಆ ವಾರ ನಮ್ಮಲ್ಲಿ ಯಾರಿಗೂ ಬೀಜಗಣಿತ ತಲೆಗೆ ಹತ್ತಲಿಲ್ಲ.

ಅದೇ ವಾರ ತಕರಾರು ಬಂತು. "ಸಾಲಿಗಂತ ಕಳಿಸಿದ್ರ ಸಿನಿಮಾ ತೋರಸ್ತೀರೇನ್ರಿ?" ಎಂದು ನಾಲ್ಕಾರು ಪಾಲಕರು ಹೆಡ್‌ಮಾಸ್ತರರ ಕೋಣೆಯಲ್ಲಿ ಕೂತರು. ನಮ್ಮ ಹೆಡ್‌ಮಾಸ್ತರರದು ಒಂದು ನೇಮ: ಯಾವ ತಕರಾರನ್ನೂ ಅವರು ತಾವಾಗಿ ತೀರ್ಮಾನಿಸುವವರಲ್ಲ, ಹುಡುಗರ ಚರ್ಚಾಸ್ಪರ್ಧೆ ಇಟ್ಟು, ಗೆದ್ದ ಪಕ್ಷದ ಮಾತನ್ನೇ ಹುಕುಂ ಮಾಡುತ್ತಿದ್ದರು. ಅಂಗಳದಲ್ಲಿ ಬೇವು ನೆಟ್ಟದ್ದೂ ಹಾಗೆಯೇ, ಪ್ರಾರ್ಥನೆಯ ವೇಳೆ ಬದಲಾದದ್ದೂ ಹಾಗೆಯೇ. ಪರ ಯಾರು, ವಿರೋಧ ಯಾರು ಎಂಬುದನ್ನು ಮಾತ್ರ ಚೀಟಿ ಎತ್ತಿ ಗೊತ್ತುಮಾಡುವುದು. ಒಬ್ಬನ ಬಾಯಿಗೆ ಯಾವ ಚೀಟಿ ಬಿತ್ತೋ ಅದು ಊರಿಗೆಲ್ಲ ನ್ಯಾಯವಾಗುವ ಈ ಏರ್ಪಾಟನ್ನು, ಸರ್ವವನ್ನೂ ಸಂಶಯಿಸುವ ನಾನು ಒಮ್ಮೆಯೂ ಸಂಶಯಿಸಿರಲಿಲ್ಲ. ಗೆಲ್ಲುವವನು ನಾನೇ ಆಗಿರುತ್ತಿದ್ದೆನಲ್ಲ!

ಶುಕ್ರವಾರ ಚೀಟಿ ಎತ್ತಿದೆ. ವಿರೋಧ. ಪರವಾಗಿ ಬೀರಪ್ಪ.

ಸೋಲಬೇಕೆಂದು ನಿಶ್ಚಯಿಸಿಯೇ ವೇದಿಕೆ ಹತ್ತಿದೆ, ನಂಬಿ. ಮೊದಲು ಬೀರಪ್ಪ ನಿಂತ. ಅವನಿಗೆ ಪೀಠಿಕೆ ಗೊತ್ತಿಲ್ಲ, ಸುಭಾಷಿತ ಗೊತ್ತಿಲ್ಲ. ಮುದುಕಿಯ ಗಂಗಾಳ, ಒಲೆಯ ಬೂದಿ, ಬಾಗಿಲ ಸಂದಿಯಿಂದ ಒಳಬಂದ ಹಿಮದ ಪುಡಿ, ಹೀಗೆ ಕಂಡದ್ದನ್ನಷ್ಟೇ ಹೇಳಿದ. ಪಾಲಕರು ಕೂಡ ಮುಂದಕ್ಕೆ ಬಾಗಿ ಕೇಳತೊಡಗಿದರು. ನನ್ನ ಸರದಿ ಬಂತು. ಮೊದಲ ನಿಮಿಷ ಬೇಕೆಂದೇ ತಡವರಿಸಿದೆ. ಹಿಂದಿನ ಬೆಂಚಿನಿಂದ ಯಾರೋ, "ಏನಲೇ ವಕೀಲಾ, ಕುರಿ ಕಾಯೋನ ಮುಂದ ಬಾಯಿ ಬಿದ್ದೋತೇನು?" ಎಂದು ಕಿಸಕ್ಕೆಂದರು. ಆಚಾರ್ ಸರ್ ಮೂಲೆಯ ಕುರ್ಚಿಯ ತುದಿಯಲ್ಲಿ, ಎರಡೂ ಕೈಗಳನ್ನು ಮೊಣಕಾಲುಗಳ ನಡುವೆ ಅದುಮಿ ಕೂತಿದ್ದರು. ಕೊನೆಯ ನಿಮಿಷದ ಗಂಟೆ ಬಡಿಯಿತು.

ಆಗ ನನ್ನೊಳಗಿನ ಪ್ರಚಂಡ ತಾರ್ಕಿಕ ಎದ್ದು ಕೂತ. "ಬೀರಪ್ಪ ಇಷ್ಟು ಸೂಕ್ಷ್ಮವಾಗಿ ನೋಡಲು ಕಲಿತದ್ದು ಎಲ್ಲಿ? ಕುರಿಗಳ ಹಿಂದೆ, ಅಡವಿಯಲ್ಲಿ! ಸಿನಿಮಾ ಅವನಿಗೆ ಏನನ್ನೂ ಕಲಿಸಿಲ್ಲ, ಏಕೆಂದರೆ ಅವನಿಗೆ ಮೊದಲೇ ಬರುತ್ತಿತ್ತು. ನನಗೂ ಏನನ್ನೂ ಕಲಿಸಿಲ್ಲ, ಏಕೆಂದರೆ ನನಗೆ ಇನ್ನೂ ಬಂದಿಲ್ಲ. ಬಲ್ಲವನಿಗೆ ಬೇಡದ, ಬಾರದವನಿಗೆ ಬಾರದ ಈ ಪಾಠ ಯಾರಿಗೋಸ್ಕರ?"

ಚಪ್ಪಾಳೆ ಸೂರಿಗೆ ಬಡಿಯಿತು. ಹೆಡ್‌ಮಾಸ್ತರರು ಎದ್ದು ಹುಕುಂ ಹೇಳಿದರು: ಸಿನಿಮಾ ಪಾಠ ಬಂದ್.

ಚಪ್ಪಾಳೆ ನಿಂತದ್ದೇ ತಡ, ಅವರ ಕೋಣೆಗೆ ಓಡಿದೆ. ಅದು ಚೀಟಿಯ ಮಾತು, ನನ್ನ ಮಾತಲ್ಲ, ಕೊನೆಯ ರೀಲೊಂದಕ್ಕಾದರೂ ಪರವಾನಗಿ ಕೊಡಿ ಎಂದು ಅಂಗಲಾಚಿದೆ. ಅವರು ಕನ್ನಡಕ ತೆಗೆದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅದು ನಿನ್ನ ಮಾತಲ್ಲ ಅಂದ್ರ, ಇದು ನಿನ್ನ ಮಾತು ಅಂತ ನಾ ಹೆಂಗ ನಂಬ್ಲೋ?" ಇಂಥ ಪ್ರತಿವಾದ ನನಗೆ ಯಾವ ಸ್ಪರ್ಧೆಯಲ್ಲೂ ಎದುರಾಗಿರಲಿಲ್ಲ.

ಶನಿವಾರ ಬೆಳಗಿನ ಬಸ್ಸಿಗೆ ನಾಲ್ಕನೆಯ ರೀಲು ಬಂತು. ತೆರೆಯದೆಯೇ ಮಧ್ಯಾಹ್ನದ ಬಸ್ಸಿಗೆ ಹೊರಟಿತು. ಸರ್ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ಪಕ್ಕದಲ್ಲಿ ಬೀರಪ್ಪ. ಬೈಯಲಿ, ಒಂದು ಏಟಾದರೂ ಹಾಕಲಿ ಎಂದುಕೊಂಡೇ ಹತ್ತಿರ ಹೋದೆ.

"ಛಲೋ ಮಾತಾಡಿದಿ ನಿನ್ನೆ" ಎಂದರು ಸರ್. "ನನಗೂ ರಾತ್ರಿಯೆಲ್ಲಾ ಅದೇ ವಿಚಾರ. ಖರೇನೇ ಹೇಳಿದ್ಯೋ ಏನೋ. ಯಾರಿಗೋಸ್ಕರ ಇದನ್ನ ಮಾಡ್ಲಿಕ್ಕೆ ಹತ್ತಿದ್ದೆ ನಾನು?"

ನಾನೇ ನಂಬದ ಮಾತನ್ನು ನಂಬಿದ ಮನುಷ್ಯ ಎದುರಿಗೆ ಕೂತಿದ್ದರೆ ಏನು ಮಾಡಬೇಕೆಂದು ಯಾವ ತರ್ಕಶಾಸ್ತ್ರವೂ ಬರೆದಿಟ್ಟಿಲ್ಲ. ಮಾತು ಮರೆಸಲೆಂದು, "ಕಡೀಗೆ ಏನಾಗ್ತದ್ರಿ ಸರ್? ನೀವರ ಹೇಳ್ರಿ" ಎಂದೆ.

"ನನಗೇನು ಗೊತ್ತೋ? ನಾ ಎಲ್ಲಿ ನೋಡೀನಿ? ಹೆಸರು ಕೇಳಿದ್ದೆ ಅಷ್ಟೇ. ನಿಮ್ಮ ಜೋಡಿನೇ ನೋಡೂಣಂತ ಇದ್ದೆ."

ಬಸ್ಸು ಬಂದು ಧೂಳೆಬ್ಬಿಸಿತು. ಡಬ್ಬಿಯನ್ನು ಕಂಡಕ್ಟರನ ಕೈಗೆ ಕೊಟ್ಟು ಬಂದ ಬೀರಪ್ಪ, "ಬಾಗ್ಲಾ ತಗೀತಾಳ್ರಿ ಸರ್ ಆಕಿ. ಎರಡನೇ ಗಂಗಾಳ ಸುಮ್ನ ಇಟ್ಟಾಳೇನು?" ಎಂದ. "ಇಟ್ಟಾಳ ಖರೆ. ಸಿಟ್ಟು ಇಳೀಬೇಕಲ್ಲೋ?" ಎಂದರು ಸರ್. ಹೊರಟ ಬಸ್ಸಿನ ಬೆನ್ನಿಗೇ ಇಬ್ಬರ ವಾದ ಜೋರಾಗಿ, ಕಡೆಗೆ ಒಮ್ಮೆಲೇ ನನ್ನತ್ತ ತಿರುಗಿದರು.

"ನೀ ಏನಂತಿ?"

ಪರಕ್ಕೆ ಮೂರು ಅಂಶ, ವಿರೋಧಕ್ಕೆ ನಾಲ್ಕು ಅಂಶ ನಾಲಿಗೆಯ ತುದಿಗೇ ಬಂದು ನಿಂತವು. ನುಂಗಿಕೊಂಡೆ.

"ಗೊತ್ತಿಲ್ರಿ ಸರ್" ಎಂದೆ. "ನಾನೂ ನೋಡಿಲ್ಲ."

ಸರ್ ಎದ್ದು ಧೂಳು ಕೊಡವಿಕೊಂಡು, ನನ್ನ ಹೆಗಲ ಮೇಲೆ ಕೈ ಹಾಕಿ, "ನಡೀರಿ, ಚಹಾ ಕುಡಿಯೂಣು" ಎಂದರು.