ತಿರುಗದ ಗುಂಡಿ

ಆ ದಿನ ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ. ಮೊದಮೊದಲು ಸಿಟ್ಟೆಲ್ಲ ಆ ಮ್ಯಾನೇಜರಮ್ಮನ ಮೇಲಿತ್ತು. ವರ್ಷ ಕಳೆದಂತೆ ಅವಳ ಪಾಲು ಕಡಿಮೆಯಾಗಿ ನನ್ನ ಪಾಲು ಬೆಳೆದಿದೆ.

ಕೊಂಡಾಪುರದ ಬಂಡೆ ಒಡೆದು ಗಾಜಿನ ಆಫೀಸುಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ನಾನು ದಿಲ್‌ಸುಖ್‌ನಗರದಲ್ಲಿ ಸಣ್ಣದೊಂದು ಸ್ಟುಡಿಯೋ ಇಟ್ಟುಕೊಂಡಿದ್ದೆ. ಕೋಚಿಂಗ್ ಸೆಂಟರಿನ ಹುಡುಗರ ಪಾಸ್‌ಪೋರ್ಟ್ ಫೋಟೋ ತೆಗೆದೂ ತೆಗೆದೂ ತಲೆ ಚಿಟ್ಟು ಹಿಡಿದಿತ್ತು. ಹಾಗಾಗಿ ಒಂದು ಸಾಫ್ಟ್‌ವೇರ್ ಕಂಪನಿಯವರು ತಮ್ಮ ಸಾಹೇಬರುಗಳ ಭಾವಚಿತ್ರ ತೆಗೆಯಲು ಕರೆದಾಗ ಹಿಗ್ಗಿ ಹೋದೆ. ದಿನವಿಡೀ ಗಾಜಿನ ಕಟ್ಟಡದಲ್ಲಿ ಕೂರುವವರಿಗೆ ಫೋಟೋಕ್ಕೆ ಮಾತ್ರ ಹಳೇ ಮನೆ ಬೇಕಿತ್ತು. ಹಳೇ ಶಹರದಲ್ಲಿ ನವಾಬರ ಕಾಲದ ಒಂದು ಮನೆಯ ದಿವಾನಖಾನೆಯನ್ನು ಆ ದಿನಕ್ಕೆ ಗೊತ್ತು ಮಾಡಿದ್ದರು.

ಎತ್ತರದ ಕಮಾನುಗಳು, ಕೆಂಪು ಹಸಿರು ಗಾಜಿನ ಕಿಟಕಿಗಳು, ನಡುವೆ ಕೆತ್ತನೆಯ ಒಂದು ಕುರ್ಚಿ. ಕಿಟಕಿಯ ಬೆಳಕು ಆ ಕುರ್ಚಿಯ ಮೇಲೆ ಬಿದ್ದ ರೀತಿ ನೋಡಿ ಅದರ ಎದುರಿಗೇ ಕ್ಯಾಮೆರಾ ಹೂಡಿದೆ. ಅದು ತಾನಾಗಿ ಬಿದ್ದ ಬೆಳಕಲ್ಲ. ಆ ಮನೆಯನ್ನು ನೋಡಿಕೊಳ್ಳುತ್ತಿದ್ದ ಅಜ್ಜಿ ನಸುಕಿನಲ್ಲೇ ಏಣಿ ಹತ್ತಿ ಒಂದೊಂದು ಗಾಜನ್ನೂ ಒರೆಸಿದ್ದಳು. ಅದು ಯಾರ ಕೆಲಸವೆಂದು ಯಾವ ಸಾಹೇಬನೂ ಕೇಳಲಿಲ್ಲ.

ಕ್ಯಾಮೆರಾ ಸ್ಟ್ಯಾಂಡಿನ ಕಾಲು ಜಾರಿದ್ದಕ್ಕೆ ನಾನು ಕನ್ನಡದಲ್ಲಿ ಬೈದದ್ದು ಅಜ್ಜಿಯ ಕಿವಿಗೆ ಬಿತ್ತು. ಅವಳು ಬೀದರ ಕಡೆಯವಳಂತೆ, ಲಂಗ ಉಡುವ ವಯಸ್ಸಿನಲ್ಲಿ ಈ ಮನೆಗೆ ಬಂದವಳು. ನಾನು ಡಿಫೆನ್ಸ್ ಫ್ಯಾಕ್ಟರಿಯಲ್ಲಿದ್ದವರ ಮಗಳು, ಹೊಸ್ತಿಲ ಆಚೆ ತೆಲುಗು, ಒಳಗೆ ಕನ್ನಡ. ಆಮೇಲೆ ಅಜ್ಜಿ ನನ್ನ ಬೆನ್ನು ಬಿಡಲಿಲ್ಲ. ನನ್ನ ಭುಜದ ಪಕ್ಕದಲ್ಲೇ ನಿಂತು ನನ್ನ ಕೈಗಳನ್ನು ನೋಡುತ್ತಿದ್ದಳು. ಸಾಹೇಬರು ಒಬ್ಬೊಬ್ಬರೇ ಬಂದು, ರೂಢಿ ಮಾಡಿಕೊಂಡ ನಗೆ ನಕ್ಕು, ಎದ್ದು ಹೋದರು.

ಮಧ್ಯಾಹ್ನ ಅಜ್ಜಿ ಮೆಲ್ಲಗೆ ತನ್ನ ಆಸೆ ಹೇಳಿದಳು. ಮಾಲೀಕರು ಆ ಮನೆಯನ್ನು ಫಂಕ್ಷನ್ ಹಾಲ್ ಮಾಡುವವರಿದ್ದರು. ಸೋಮವಾರದಿಂದ ಅವಳಿಗೆ ಅಲ್ಲಿ ಜಾಗವಿಲ್ಲ. ಮಣಿಕೊಂಡದ ಮಗಳ ಖೋಲಿಗೆ ಹೋಗಬೇಕು. ಆ ಕುರ್ಚಿಯ ಧೂಳು ಒರೆಸುತ್ತಲೇ ಅವಳ ಆಯುಷ್ಯ ಕಳೆದಿತ್ತು, ಅದರಲ್ಲಿ ಒಮ್ಮೆಯೂ ಕೂತಿರಲಿಲ್ಲ.

"ಒಂದ ಸಲ ಅದರ ಮ್ಯಾಲ ಕುಂತಿದ್ದ ಫೋಟೋ ಬೇಕಾಗೈತಿ, ತಂಗಿ," ಅಂದಳು.

ಕಂಪನಿಯ ಕಡೆಯಿಂದ ಬಂದಿದ್ದ ಮ್ಯಾನೇಜರಮ್ಮನನ್ನು ಕೇಳಿದೆ. ತಂದ ರೀಲುಗಳು ಮುಗಿದು ಕ್ಯಾಮೆರಾದಲ್ಲಿ ಎರಡೇ ಫೋಟೋಕ್ಕೆ ಜಾಗ ಉಳಿದಿತ್ತು. ಅವು ಇನ್ನೂ ಬರಬೇಕಿದ್ದ ದೊಡ್ಡ ಸಾಹೇಬರಿಗೆ ಮೀಸಲು, ಕೆಲಸದವರ ಮೇಲೆ ದಂಡ ಮಾಡಬೇಡಿ ಎಂದಳು. ಆ ಮಾತಿಗೆ ಅಲ್ಲೇ ಬೈಯಬೇಕಿತ್ತು. ಬೈಯಲಿಲ್ಲ. ಅದಕ್ಕಿಂತ ಹೇಸಿಗೆಯ ಕೆಲಸ ಮಾಡಿದೆ.

ನಮ್ಮ ಕಸುಬಿನಲ್ಲಿ ಖಾಲಿ ಹೊಡೆಯುವುದು ಅಂತ ಒಂದಿತ್ತು. ಅಳುವ ಕೂಸು, ಬಿಗಿದುಕೊಂಡು ಕೂತ ಮದುಮಗ, ಇಂಥವರಿಗೆ ಮೊದಲು ರೀಲಿಲ್ಲದ ಕ್ಯಾಮೆರಾದಿಂದ ನಾಲ್ಕು ಸಲ ಫ್ಲ್ಯಾಶ್ ಹೊಡೆದರೆ ಮುಖ ಸಡಿಲವಾಗುತ್ತಿತ್ತು. ಆಮೇಲೆ ನಿಜವಾದದ್ದು. ಅದಕ್ಕೆಂದೇ ನನ್ನ ಚೀಲದಲ್ಲಿ ಒಂದು ಹಳೇ ಕ್ಯಾಮೆರಾ ಇರುತ್ತಿತ್ತು. ಯಾರೂ ಹೇಳದಿದ್ದರೂ ನಾನೇ ಅದನ್ನು ಎತ್ತಿಕೊಂಡೆ. ಆಮೇಲೆ ಫೋಟೋ ಕೇಳಿದರೆ ರೀಲು ಕೆಟ್ಟಿತು ಅನ್ನುವುದೆಂದು ಸುಳ್ಳನ್ನೂ ಹೊಂದಿಸಿಟ್ಟುಕೊಂಡೆ.

ಅಜ್ಜಿ ಮುಖ ತೊಳೆದು ಬಂದಳು. ಸೆರಗು ಹೊದ್ದು, ಕುರ್ಚಿಯ ತುದಿಯಲ್ಲಿ ಕೂತು, ಆಮೇಲೆ ಧೈರ್ಯ ಮಾಡಿ ಹಿಂದಕ್ಕೆ ಸರಿದು ಒರಗಿದಳು. ನನ್ನ ಕಣ್ಣನ್ನೇ ನೋಡಿದಳು. ಫ್ಲ್ಯಾಶ್ ಹೊಡೆದೆ, ರೀಲು ಮುಂದಕ್ಕೆ ಸರಿಸುವ ಹಿಡಿ ಎಳೆದೆ, ಆಯಿತು ಅಂದೆ.

ಅವಳು ಏಳಲಿಲ್ಲ.

"ಮುಂಜಾನಿಂದ ನೋಡಾಕತ್ತೀನಿ," ಅಂದಳು, ಕ್ಯಾಮೆರಾದ ಮೇಲಿನ ಎಡಗಡೆಯ ಗುಂಡಿಗೆ ಬೆರಳು ತೋರಿಸಿ. "ನೀ ಅದನ್ನ ಎಳದಾಗೊಮ್ಮೆ ಈ ಕಡಿ ಗುಂಡಿ ತಿರಗತಿತ್ತು. ನನ್ನ ಪಾಳಿಗೆ ಯಾಕ ತಿರಗಲಿಲ್ಲ?"

ಒಳಗೆ ರೀಲು ಸರಿದರೆ ಮಾತ್ರ ಆ ಗುಂಡಿ ತಿರುಗುತ್ತದೆ. ಎಷ್ಟೋ ಜನರಿಗೆ ಖಾಲಿ ಹೊಡೆದಿದ್ದೆ, ಒಬ್ಬರೂ ಕಂಡುಹಿಡಿದಿರಲಿಲ್ಲ. ನಾಚಿಕೆಯಿಂದ ಸತ್ತೇ ಹೋದೆ. ಅದೇ ಹೊತ್ತಿಗೆ ಮ್ಯಾನೇಜರಮ್ಮ, ಇವಳದು ಮುಗಿಯಿತಲ್ಲ, ಕುರ್ಚಿ ಒರೆಸಲು ಹೇಳಿ ಅಂದಳು. ನನ್ನ ನಾಚಿಕೆಯೆಲ್ಲ ಸಿಟ್ಟಾಗಿ ಅವಳ ಮೇಲೆ ಹರಿಯಿತು. ನಿಮ್ಮ ಸಾಹೇಬರಿಗೆ ಅವರ ಗಾಜಿನ ಗೋಡೆಯ ಮುಂದೆಯೇ ನಿಲ್ಲಲು ಹೇಳಿ ಎಂದು ತೆಲುಗಿನಲ್ಲಿ ಚೀರಿದೆ. ಇನ್ನು ನಿಮಗೆ ನಮ್ಮ ಕಂಪನಿಯ ಕೆಲಸ ಸಿಗುವುದಿಲ್ಲ ಎಂದು ಅವಳೆಂದಳು. ಸಿಗಲೂ ಇಲ್ಲ. ರೀಲಿದ್ದ ಕ್ಯಾಮೆರಾ ತೆಗೆದುಕೊಂಡು ಅಜ್ಜಿಯ ಮುಂದೆ ನಿಂತೆ. ಇದ್ದ ಎರಡನ್ನೂ ಹೊಡೆದೆ. ಗುಂಡಿ ಎರಡು ಸಲವೂ ತಿರುಗಿತು.

"ಈಗ ತಿರಗಿತು," ಅಂದು ಕುರ್ಚಿಯಿಂದ ಎದ್ದಳು.

ಭಾನುವಾರ ಪ್ರಿಂಟು ಒಯ್ದು ಕೊಟ್ಟೆ. ಭಾಳ ಚಲೋ ಬಂದೈತಿ ಎಂದು ಹಳೇ ಸೀರೆಯಲ್ಲಿ ಸುತ್ತಿ, ಹೊರಡಲು ಕಟ್ಟಿದ್ದ ಗಂಟಿನೊಳಗೆ ಇಟ್ಟುಕೊಂಡಳು. ಇನ್ನೊಂದು ನನ್ನ ಹತ್ತಿರ ಇದೆ. ಕುರ್ಚಿ ಇದೆ, ಬಣ್ಣದ ಬೆಳಕಿದೆ, ಅವಳು ಚೆನ್ನಾಗಿ ಒರಗಿ ಕೂತಿದ್ದಾಳೆ. ಆದರೆ ಖಾಲಿ ಹೊಡೆದಾಗ ನನ್ನನ್ನೇ ನೋಡಿದ್ದ ಅಜ್ಜಿ ಇದರಲ್ಲಿ ನನ್ನನ್ನು ನೋಡುತ್ತಿಲ್ಲ. ಎರಡರಲ್ಲೂ ಅವಳ ಕಣ್ಣು ಆ ಗುಂಡಿಯ ಮೇಲಿದೆ.