ಚಿಕ್ಕಪ್ಪನ ಬಾಯಿಂದ ಕಳೆದುಹೋದ ‘ಕ’

ಆ ದಿನಗಳ ಬಗ್ಗೆ ನಾನು ಹೇಳುವುದನ್ನು ಪೂರ್ತಿ ನಂಬಬೇಡಿ. ನಾನೇ ನಂಬುವುದಿಲ್ಲ. ಮೈಸೂರಿನಲ್ಲಿ ಇತಿಹಾಸ ಓದುವಾಗ, ಕಣ್ಣಾರೆ ಕಂಡೆ ಎನ್ನುವವನನ್ನೇ ಮೊದಲು ಅನುಮಾನಿಸಬೇಕೆಂದು ಕಲಿತೆ. ಅಂದಿನಿಂದ ಮನೆಯವರಿಗೆ ನನ್ನೆದುರು ಹಳೆಯ ಮಾತು ತೆಗೆಯುವುದೇ ಬೇಸರ. ಆದರೂ ಚಿಕ್ಕಪ್ಪ ಮಾದೇಶ ಕಬಡ್ಡಿ ತಂಡದ ಕೊನೆಯ ಆಯ್ಕೆಗೆ ತಯಾರಾದ ಆ ಮಾಗಿಕಾಲ ನನ್ನಲ್ಲಿ ಬಹಳ ಗಟ್ಟಿಯಾಗಿ ಕೂತಿದೆ. ಅಷ್ಟು ಗಟ್ಟಿಯಾಗಿರುವುದೇ ಅನುಮಾನಕ್ಕೆ ಕಾರಣ.

ಮಳವಳ್ಳಿ ಕಡೆಯ ನಮ್ಮೂರಲ್ಲಿ ಕಬಡ್ಡಿ ಅಂಕಣ ಇದ್ದದ್ದು ಆಲೆಮನೆಯ ಪಕ್ಕ. ಬೆಳಿಗ್ಗೆ ಮಣ್ಣಿಗೆ ನೀರು ಚಿಮುಕಿಸಿದಾಗ ಏಳುವ ವಾಸನೆಗೆ ಕುದಿಯುವ ಕಬ್ಬಿನ ಹಾಲಿನ ಘಮ ಸೇರುತ್ತಿತ್ತು. ನಾವು ಮಕ್ಕಳು ಬಿಸಿ ಬೆಲ್ಲವನ್ನು ಕಬ್ಬಿನ ಸಿಪ್ಪೆಯಲ್ಲಿ ಬಳಿದುಕೊಂಡು ನೆಕ್ಕುತ್ತ ಆಟ ನೋಡುತ್ತಿದ್ದೆವು. ಚಿಕ್ಕಪ್ಪ ದಾಳಿಗಾರ. ಎದುರಾಳಿ ಅಂಕಣಕ್ಕೆ ನುಗ್ಗಿ, ಒಬ್ಬನನ್ನು ಮುಟ್ಟಿ, ಉಸಿರು ಬಿಡದೆ ‘ಕಬಡ್ಡಿ ಕಬಡ್ಡಿ’ ಎನ್ನುತ್ತಲೇ ನಡುಗೆರೆಗೆ ವಾಪಸಾಗುವುದು ಅವನ ಕೆಲಸ. ಅವನ ಕಾಲು ಹಾವಿನಂತೆ ಹರಿಯುತ್ತಿತ್ತು. ತೊಂದರೆ ಇದ್ದದ್ದು ಬಾಯಲ್ಲಿ. ವೇಗ ಹೆಚ್ಚಿದಂತೆ ಅವನು ‘ಕ’ ನುಂಗಿಬಿಡುತ್ತಿದ್ದ. ಉಳಿಯುತ್ತಿದ್ದದ್ದು ಬರೀ ‘ಬಡ್ಡಿ ಬಡ್ಡಿ ಬಡ್ಡಿ.’

ಊರಲ್ಲಿ ಅದು ನಗೆಯ ವಿಷಯವಾಗಿತ್ತು ಅಷ್ಟೆ. “ಏನ್ಲಾ ಮಾದೇಶ, ಅಸಲು ಬುಟ್ಟು ಬಡ್ಡಿ ವಸೂಲಿಗೆ ಬಂದ್ಯಾ?” ಎಂದು ಕಬ್ಬು ಕಡಿಯುವವರು ಛೇಡಿಸುತ್ತಿದ್ದರು.

ಆದರೆ ಆ ವರ್ಷ ವೃತ್ತಿಪರ ತಂಡವೊಂದರವರು ಆಟಗಾರರನ್ನು ಹುಡುಕಿಕೊಂಡು ಮಂಡ್ಯಕ್ಕೆ ಬಂದರು. ಅಲ್ಲಿ ನಗೆ ನಡೆಯಲಿಲ್ಲ. ಚಿಕ್ಕಪ್ಪ ಇಬ್ಬರನ್ನು ಮುಟ್ಟಿ ಗೆರೆ ದಾಟಿ ಬಂದರೂ ತೀರ್ಪುಗಾರರು ಸೀಟಿ ಊದಿ ಅಂಕವನ್ನು ಎದುರಾಳಿಗೆ ಕೊಟ್ಟರು. ನಿಯಮದ ಪ್ರಕಾರ ಕೂಗಬೇಕಾದ ಪದ ‘ಕಬಡ್ಡಿ’, ಇವನು ಕೂಗಿದ್ದು ಬೇರೆ. ಎದುರಾಳಿಯೊಬ್ಬನಂತೂ ಇವನು ತನ್ನನ್ನು ‘ಬಡ್ಡಿಮಗ’ ಎಂದು ಬೈದನೆಂದು ತಿಳಿದು, “ಯಾರ್ಗ್ಲಾ ಅಂತೀಯ?” ಎಂದು ಅಂಗಿ ಹಿಡಿಯಲು ಬಂದನಂತೆ. ಇದು ನಡೆದದ್ದೋ ಅಜ್ಜಿ ಸೇರಿಸಿದ್ದೋ ನಾನು ಹೇಳಲಾರೆ. ಆ ತಂಡದ ತರಬೇತುದಾರರು ಮಾತ್ರ ಸ್ಪಷ್ಟವಾಗಿ ಹೇಳಿದರು: ಸಂಕ್ರಾಂತಿ ಕಳೆದ ಮೇಲೆ ಮದ್ದೂರಿನಲ್ಲಿ ಇನ್ನೊಂದು ಆಯ್ಕೆ ಇದೆ, ಅದಾದ ಮೇಲೆ ನಿನ್ನ ವಯಸ್ಸಿನವರನ್ನು ತೆಗೆದುಕೊಳ್ಳುವುದಿಲ್ಲ.

ಅಜ್ಜಿ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತ ಇಡೀ ಕಥೆ ಕೇಳಿದಳು.

“ಅಲ್ಲ ಕಣ್ಲಾ, ಒಂದು ‘ಕ’ ಅನ್ನಕ್ಕಾಗಲ್ವಾ ನಿಂಗೆ? ಕಾಗೆ ಅಂತದೆ.”

“ಕಾಗೆನ ಏಳು ಜನ ಹಿಡ್ಕೊಳ್ಳಲ್ಲ ಕಣವ್ವ.”

“ಹಿಡ್ಕಂಡ್ರೆ ಇನ್ನೂ ಜೋರಾಗಿ ಅಂತದೆ. ನೋಡ್ದೋಳು ನಾನು.”

ಚಿಕ್ಕಪ್ಪ ಮರುದಿನವೇ ಕಬ್ಬಿನ ಗದ್ದೆಗೆ ಹೋದ. ಮಚ್ಚು ಬುಡಕ್ಕೆ ಬೀಳುವಾಗ ‘ಕ’, ಕಬ್ಬು ಎಳೆದು ಸೋಗೆ ಸವರುವಾಗ ‘ಬಡ್ಡಿ’. ಪ್ರತಿ ಏಟಿಗೂ ಹೀಗೆಯೇ. ಮೊದಲು ನಕ್ಕ ಕೂಲಿಯವರು ಆಮೇಲೆ ತಾವೂ ಶುರುಮಾಡಿದರು. ಇಡೀ ಸಾಲು ‘ಕ’ ಎಂದು ಮಚ್ಚು ಬೀಸಿದರೆ ಕೊಕ್ಕರೆಗಳು ಎದ್ದು ಹಾರುತ್ತಿದ್ದವು. ಮಕ್ಕಳಿಗೂ ಅದೇ ಆಟವಾಯಿತು. ಚಿಕ್ಕಪ್ಪ ಅಂಕಣದಲ್ಲಿ ‘ಕ’ ತಪ್ಪಿಸಿದ ಕೂಡಲೇ ನಾವೆಲ್ಲ “ಬಡ್ಡೀ!” ಎಂದು ಕಿರುಚಬೇಕು. ಆಗ ಅವನು ಆ ದಾಳಿ ಬಿಟ್ಟು ಮೊದಲಿಂದ ಶುರುಮಾಡಬೇಕು. ಒಂದು ಬೆಳಿಗ್ಗೆ ಎಷ್ಟು ಸಲ ಕಿರುಚಿದೆವೆಂದರೆ, ಅವನ ಕಣ್ಣಲ್ಲಿ ನೀರು ಬಂದಂತೆ ಕಂಡಿತು. “ಸಾಕು ಬುಡಿ ಮಕ್ಳ, ಪಾಪ” ಎಂದು ಆಲೆಮನೆಯವರು ಗದರಿದರು.

“ಯಾಕ್ ಬುಡ್ಬೇಕು?” ಎಂದ ಚಿಕ್ಕಪ್ಪ, ಮೈಗೆ ಅಂಟಿದ ಮಣ್ಣು ಕೊಡವಿಕೊಳ್ಳುತ್ತ. “ಕಿರುಚ್ರಲಾ. ನಾಳೆ ಸೀಟಿ ಊದೋನು ಪಾಪ ಅಂತಾನಾ?”

ಮದ್ದೂರಿಗೆ ಚಿಕ್ಕಪ್ಪನ ಜೊತೆ ನಾನು, ಅಪ್ಪ ಹೋದೆವು. ಮಣ್ಣಿನ ಬದಲು ರಬ್ಬರಿನ ಮ್ಯಾಟ್, ಕಾಲಿಗೆ ಎರವಲು ಬೂಟು. ಮಂಡ್ಯದಲ್ಲಿ ಸೀಟಿ ಊದಿದ್ದ ತೀರ್ಪುಗಾರರೇ ಅಲ್ಲೂ ನಿಂತಿದ್ದರು. ಅವರನ್ನು ಕಂಡು ಅಪ್ಪ, “ಆಯ್ತು ಬುಡು, ಮುಗೀತು” ಎಂದರು.

ಕೊನೆಯ ದಾಳಿ. ಚಿಕ್ಕಪ್ಪ ಮೂಲೆಯವನನ್ನು ಕಾಲಿಂದ ಮುಟ್ಟಿ ತಿರುಗುವಷ್ಟರಲ್ಲಿ ನಾಲ್ವರು ಮೇಲೆ ಬಿದ್ದರು. ಅವನ ಮುಖ ಮ್ಯಾಟಿಗೆ ಒತ್ತಿತ್ತು. ಒಂದು ಕೈ ಮಾತ್ರ ಹೊರಗೆ ಬಂದು ಗೆರೆಯತ್ತ ಬೆರಳು ಬೆರಳಾಗಿ ಜರುಗುತ್ತಿತ್ತು. ಬೆರಳು ಗೆರೆ ಮುಟ್ಟಿತು. ತೀರ್ಪುಗಾರರ ಕೈ ನಮ್ಮ ಕಡೆಗೆ ಎದ್ದಿತು. ಚಿಕ್ಕಪ್ಪ ಆಯ್ಕೆಯಾದ.

ಗೆರೆ ಮುಟ್ಟುವವರೆಗೂ ಅವನು ಕೂಗುತ್ತಿದ್ದನೇ? ಕೂಗು ನಿಂತಿದ್ದರೆ ಆ ಅಂಕ ಅವನದಲ್ಲ, ಆಯ್ಕೆಯೂ ಅವನದಲ್ಲ. ನನಗೆ ಕೇಳಿಸಿತ್ತು. ಆದರೆ ನಾನು ಹಗ್ಗದ ಆಚೆ ಅಷ್ಟೊಂದು ಗದ್ದಲದ ನಡುವೆ ನಿಂತಿದ್ದವನು. ಅದೂ ಅಲ್ಲದೆ, ಕೇಳಲೇಬೇಕೆಂದು ಬಯಸಿದ್ದವನು. ಅಪ್ಪ ಇಂದಿಗೂ, “ಉಸ್ರು ನಿಂತೋಗಿತ್ತು ಕಣ್ಲಾ. ಅಯ್ಯೋ ಪಾಪ ಅಂತ ಕೊಟ್ರು” ಎನ್ನುತ್ತಾರೆ. ಚಿಕ್ಕಪ್ಪನನ್ನು ಕೇಳಿದರೆ, “ನಾಲ್ಕು ಜನ ಮೇಲವ್ರೆ, ನಂಗೇನ್ಲಾ ಗೊತ್ತು ಬಾಯಿ ಏನಂತಿತ್ತು ಅಂತ” ಎಂದು ನಕ್ಕುಬಿಡುತ್ತಾನೆ. ನಗು ಮುಗಿದ ಮೇಲೆ, “ನಿಂಗೇನ್ಲಾ ಕೇಳುಸ್ತು?” ಎಂದು ನನ್ನನ್ನೇ ಕೇಳುತ್ತಾನೆ. ಅದನ್ನೂ ನಾನು ಗಮನಿಸಿದ್ದೇನೆ.

ಅವನು ಕೆಲವು ವರ್ಷ ಆಡಿದ. ಟಿ.ವಿ.ಯಲ್ಲಿ ಬಂದ. ಹೆಚ್ಚು ಹೊತ್ತು ಬೆಂಚಿನ ಮೇಲೆ, ಇಳಿದಾಗಲೆಲ್ಲ ಬೆಂಕಿಯಂತೆ. ಬಲಮಂಡಿ ಎರಡನೇ ಸಲ ತಿರುಚಿದಾಗ ವೃತ್ತಿ ಮುಗಿಯಿತು. ಈಗ ಮಂಡ್ಯದಲ್ಲಿ ಮಕ್ಕಳಿಗೆ ಕಲಿಸುತ್ತಾನೆ, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾನೆ. ಅಜ್ಜಿ ಇಲ್ಲ. ಆಲೆಮನೆ ನಿಂತಿದೆ. ಅಂಕಣವಿದ್ದ ಜಾಗದಲ್ಲಿ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ಒಬ್ಬನ ಒಂದು ಅಕ್ಷರಕ್ಕಾಗಿ ಒಂದು ಗದ್ದೆಯವರೆಲ್ಲ ಕೂಗುವ ಬೆಳಿಗ್ಗೆಯನ್ನು ನಾನು ಮತ್ತೆ ಎಲ್ಲೂ ಕಂಡಿಲ್ಲ.

ಹೋದ ವರ್ಷ ಆ ತೀರ್ಪುಗಾರರನ್ನು ಹುಡುಕಿದೆ. ನಿವೃತ್ತರಾಗಿ ಮದ್ದೂರಿನ ಹತ್ತಿರದ ವೈದ್ಯನಾಥಪುರದಲ್ಲಿದ್ದಾರೆ. ನನಗೆ ನೆನಪಿರುವುದನ್ನು ಬೇಕೆಂದೇ ಹೇಳಲಿಲ್ಲ. ಯಾರ ಮನೆಯವನೆಂದೂ ಹೇಳಲಿಲ್ಲ. ಆ ಕೊನೆಯ ದಾಳಿಯಲ್ಲಿ ಏನಾಯಿತು ಎಂದಷ್ಟೇ ಕೇಳಿದೆ.

“ಆ ಬಡ್ಡಿ ಹುಡುಗನಾ?” ಎಂದರು. “ಮಂಡ್ಯದಲ್ಲಿ ನಾನೇ ಸೀಟಿ ಊದಿದ್ದೆ. ಅದಕ್ಕೇ ಮದ್ದೂರಲ್ಲಿ ಮಂಡಿಯೂರಿ ಅವನ ಬಾಯಿ ಹತ್ರಾನೇ ಕಿವಿ ಇಟ್ಟಿದ್ದೆ. ಮುಖ ಒತ್ತೋಗಿತ್ತು ನೋಡಿ, ‘ಬಡ್ಡಿ’ ಎಲ್ಲ ಮ್ಯಾಟಿನೊಳಗೇ ಹೋಗ್ತಿತ್ತು. ‘ಕ’ ಮಾತ್ರ ಈಚೆ ಬರ್ತಿತ್ತು. ಕ, ಕ, ಕ, ಅಂತ, ಗೆರೆ ಮುಟ್ಟೋವರೆಗೂ.”

“ನೀವು ಕರುಣೆಯಿಂದ ಕೊಟ್ಟಿರಿ ಅಂತಾರೆ.”

“ಕರುಣೆ ಇದ್ದಿದ್ರೆ ಮಂಡ್ಯದಲ್ಲೇ ಕೊಡ್ತಿದ್ದೆ.”

ಈ ಬರಹದಲ್ಲಿ ನಾನು ವಿಚಾರಿಸಿ ಖಚಿತಪಡಿಸಿಕೊಂಡದ್ದು ಇದೊಂದೇ: ಆ ದಿನ ಚಿಕ್ಕಪ್ಪನ ಉಸಿರು ನಿಂತಿರಲಿಲ್ಲ.