ಒಂದೇ ಪ್ರತಿಯ ಹಾಡು

ಡೆಲ್ಬರ್ಟ್ ಪ್ರೂಯಿಟ್‌ನನ್ನು ಲೊರೀನ್ ಮೊದಲು ಕಂಡದ್ದು ತಮ್ಮ ಮನೆಯ ಹಿಂಬಾಗಿಲಿನಲ್ಲಿ. ಶಿಕಾಗೋದ ದಕ್ಷಿಣ ಭಾಗ, ಎಂಬತ್ತನಾಲ್ಕರ ಬೇಸಗೆ. ಹಳೆಯ ಹೊದಿಕೆಯಲ್ಲಿ ಸುತ್ತಿದ ಡ್ರಮ್ ಯಂತ್ರವೊಂದನ್ನು ಕೂಸಿನಂತೆ ಎದೆಗವಚಿಕೊಂಡು ನಿಂತಿದ್ದ. ಮೀನು ಕರಿಯುತ್ತಿದ್ದ ಅಮ್ಮ ತಿರುಗಿ ನೋಡಿದರು.

"ಯಾರ ಮಗು ಕದ್ಕೊಂಡ್ ಬಂದ್ಯಪ್ಪ?"

"ಮಗು ಅಲ್ಲಮ್ಮ, ಸಂಗೀತ."

"ಬಾರಿಸೋರೆಲ್ಲಿ ಮತ್ತೆ?"

"ಎಲ್ಲ ಇದರೊಳಗೇ ಇದ್ದಾರೆ."

"ಅಷ್ಟು ಜನಕ್ಕೆ ಮೀನು ಸಾಲಲ್ಲ. ಟೋಪಿ ತೆಗೆದು ನೀನೊಬ್ಬನೇ ಬಾ."

ಅವನು ಬಂದದ್ದು ಲೊರೀನಳ ತಮ್ಮ ವರ್ನೆಲ್‌ನನ್ನು ಹುಡುಕಿಕೊಂಡು. ಚರ್ಚಿನಲ್ಲಿ ವರ್ನೆಲ್ ದನಿ ಎತ್ತಿದರೆ ಹೆಂಗಸರ ಕೈಯ ಬೀಸಣಿಗೆಗಳು ನಿಂತುಬಿಡುತ್ತಿದ್ದವು. ಡೆಲ್ಬರ್ಟನೋ ಹಾಳು ಗೋದಾಮುಗಳಲ್ಲಿ ಶನಿವಾರ ಶನಿವಾರ ರೆಕಾರ್ಡು ಹಾಕಿ ಜನರನ್ನು ಕುಣಿಸುವ ಡೀಜೆ. ಮುಂದೆ ಲೋಕವೆಲ್ಲ ಹೌಸ್ ಎಂದು ಕರೆದ ಸಂಗೀತ ಕಣ್ಣು ಬಿಡುತ್ತಿದ್ದದ್ದು ಅಂಥವರ ಕೈಯಲ್ಲಿ. ಅವರ ನಡುವಿನ ಪೈಪೋಟಿ ಸಾಮಾನ್ಯವಾದುದಲ್ಲ. ತಾನು ಹಾಕಿದ್ದು ಯಾವ ರೆಕಾರ್ಡೆಂದು ಬೇರೆಯವರಿಗೆ ತಿಳಿಯಬಾರದೆಂದು ಅದರ ನಡುವಿನ ಹೆಸರಿನ ಚೀಟಿಯನ್ನೇ ನೀರಿನಲ್ಲಿ ನೆನೆಸಿ ಕಿತ್ತುಹಾಕುತ್ತಿದ್ದರು. ಯಾರಲ್ಲೂ ಇಲ್ಲದ ಹಾಡು ಯಾರಲ್ಲಿದೆಯೋ, ಜನ ಅವನ ಹಿಂದೆ.

ಡೆಲ್ಬರ್ಟನ ನೆಲಮಾಳಿಗೆಯಲ್ಲಿ ಇಬ್ಬರೂ ಕೂಡಿ ಒಂದು ಹಾಡು ಕಟ್ಟಿದರು. ಡೆಲ್ಬರ್ಟ್ ಅದನ್ನು ಒಂದೇ ಒಂದು ರೆಕಾರ್ಡು ತಟ್ಟೆಯಲ್ಲಿ ಕೊರೆಸಿದ. ಅಚ್ಚಿಗೆ ಮೊದಲು ಕೇಳಿ ನೋಡಲೆಂದು ಕೊರೆಯುವ ತಟ್ಟೆ ಅದು. ಮೈ ಬಲು ಮೆದು, ಮುಳ್ಳು ಹಾಯ್ದ ಸಲವೆಲ್ಲ ಒಂದಿಷ್ಟು ಸವೆಯುತ್ತದೆ. ಟೇಪು ತುಟ್ಟಿಯಾದ್ದರಿಂದ, ಮೂಲ ಹಾಡಿದ್ದ ಟೇಪನ್ನು ಅಳಿಸಿ ಅದರ ಮೇಲೆ ಬೇರೊಂದು ಹಾಡನ್ನು ತುಂಬಿಸಿದ. ಆಮೇಲೆ ವಾರವಾರವೂ ಆ ತಟ್ಟೆಯನ್ನೇ ಹಾಕಿದ. ಅದು ಶುರುವಾದೊಡನೆ ಜನ ಕಣ್ಣೀರು ಸುರಿಸುತ್ತ ಕುಣಿಯುತ್ತಿದ್ದರು.

"ಅಚ್ಚು ಹಾಕ್ಸೋ," ಎಂದು ವರ್ನೆಲ್ ಬೆನ್ನು ಹತ್ತಿದ. "ನನ್ನ ಹೆಸರಿರೋ ರೆಕಾರ್ಡು ಅಮ್ಮನ ಕೈಲಿಡ್ಬೇಕು. ನಾವ್ ಮಾಡೋದು ಸೈತಾನನ ಕೆಲಸ ಅಂದ್ಕೊಂಡಿದ್ದಾಳೆ. ಕೇಳಿದ್ರೆ ಹಾಗನ್ನಲ್ಲ."

"ಅಚ್ಚಾದ್ರೆ ಮಾರನೇ ದಿನ ಊರಿನ ಡೀಜೆಗಳೆಲ್ಲ ಅದನ್ನೇ ಹಾಕ್ತಾರೆ ಕಣೋ. ಈ ಬೇಸಗೆ ಕಳೀಲಿ."

"ಹೋದ್ ವರ್ಷಾನೂ ಹೀಗೇ ಅಂದೆ. ನಿನ್ನ ಬೇಸಗೆ ನಮ್ಮ ಪಾದ್ರಿಗಳ ಪ್ರಾರ್ಥನೆ ಇದ್ದಂಗೆ. ಮುಗಿಯೋದೇ ಇಲ್ಲ!"

ಎಂಬತ್ತೇಳರ ಚಳಿಗಾಲದಲ್ಲಿ ವರ್ನೆಲ್ ಹಾಸಿಗೆ ಹಿಡಿದ. ಆಗ ಏಡ್ಸ್ ಎಂಬ ಆ ರೋಗದ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಚರ್ಚಿನ ಹೆಂಗಸರು ಊಟ ತಂದು ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದರು. ಪಾತ್ರೆಯನ್ನು ಮರಳಿ ಕೇಳುತ್ತಿರಲಿಲ್ಲ. ಅವನ ದನಿ ಮೊದಲೇ ಹೊರಟುಹೋಯಿತು. ಆಗ ಅಮ್ಮನೇ ಡೆಲ್ಬರ್ಟನಿಗೆ ಹೇಳಿ ಕಳುಹಿಸಿದರು: "ನನ್ನ ಮಗ ಅದೇನೋ ಹಾಡಿದ್ನಂತಲ್ಲ, ತಂದು ಹಾಕು."

ಡೆಲ್ಬರ್ಟ್ ಮಂಚದ ಪಕ್ಕದಲ್ಲಿ ರೆಕಾರ್ಡು ಹಾಕುವ ಯಂತ್ರವಿಟ್ಟು ತಟ್ಟೆಯ ಮೇಲೆ ಮುಳ್ಳನ್ನು ಇಳಿಸಿದ. ತಾಳವೇನೋ ಕೇಳಿಸಿತು. ಅದರ ಮೇಲೆ ಮರಳು ಸುರಿದ ಹಾಗೆ ಒಂದೇ ಸಮನೆ ಸದ್ದು. ಅಮ್ಮ ಕೈಕಟ್ಟಿ ಕಾದು ಕುಳಿತಿದ್ದರು.

"ಇವನು ಯಾವಾಗ ಶುರು ಮಾಡ್ತಾನೆ?"

"ಹಾಡ್ತಾ ಇದ್ದಾನೆ, ಅಮ್ಮ," ಎಂದ ಡೆಲ್ಬರ್ಟ್.

ವರ್ನೆಲ್ ಗೋಡೆಯ ಕಡೆ ಮಗ್ಗುಲಾದ. ಹಿಮ ಕರಗುವ ಮುನ್ನ ಅವನನ್ನು ಮಣ್ಣು ಮಾಡಿದರು.

ಲೊರೀನ್ ಆ ಮೇಲೆ ಬಹುಕಾಲ ಡೆಲ್ಬರ್ಟನಿಗೆ ಬಾಗಿಲು ತೆರೆಯಲಿಲ್ಲ. ಅವನ ಬೇರೆ ರೆಕಾರ್ಡುಗಳು ಲಂಡನ್, ಬರ್ಲಿನ್‌ಗಳಲ್ಲಿ ಮೊಳಗಿದವು; ಅಲ್ಲಿನವರು ಅವನನ್ನು ಕರೆಸಿ, ಮೂಲಪುರುಷನೆಂದು ಕೊಂಡಾಡಿದರು. ಪತ್ರಿಕೆಯಲ್ಲಿ ಅವನ ಚಿತ್ರ ಬಂದರೆ ಅವಳು ಹಾಳೆ ಮಗುಚುತ್ತಿದ್ದಳು. ಕರೆಗಳು ಕಡಿಮೆಯಾದವು, ಅವನು ಊರಿಗೆ ಮರಳಿದ.

ಈಗ ಡೆಲ್ಬರ್ಟ್ ರೋಗಿಗಳನ್ನು ಆಸ್ಪತ್ರೆಗೆ ಒಯ್ಯುವ ವ್ಯಾನು ಓಡಿಸುತ್ತಾನೆ. ದಿನ ಬಿಟ್ಟು ದಿನ ಡಯಾಲಿಸಿಸ್‌ಗೆ ಹೋಗುವವರಲ್ಲಿ ಅಮ್ಮನೂ ಒಬ್ಬರು. ಲೊರೀನ್ ಜೊತೆಗಿರುತ್ತಾಳೆ. ಒಂದು ದಿನ ಅಮ್ಮ ಹಿಂದಿನಿಂದ ಕೇಳಿದರು, "ಅವನು ಹಾಡಿದ ಮಾತು ಏನಿತ್ತು, ಅದನ್ನಾದ್ರೂ ಹೇಳು."

ನಾಲ್ಕು ಸಾಲಿನ ಹಾಡು. ಡೆಲ್ಬರ್ಟನಿಗೆ ನೆನಪಿದ್ದದ್ದು ಎರಡೇ. ಅವನ್ನು ಹೇಳಿದ. ಇಂದಿಗೂ ವ್ಯಾನು ಹೊರಟೊಡನೆ ಅವರು ಕೇಳುತ್ತಾರೆ, ಅವನು ಹೇಳುತ್ತಾನೆ.

"ಉಳಿದೆರಡು?"

"ಬರ್ತಿಲ್ಲ, ಅಮ್ಮ."

"ಸರಿ, ರಸ್ತೆ ನೋಡ್ಕೊಂಡು ಓಡ್ಸು. ನಾಳಿದ್ದು ಕೇಳ್ತೀನಿ."